ಎಚ್‌ಪಿ ಅಲ್ಲ, ಗಾಳಿ ಎಷ್ಟು ಅಂತ ಕೇಳಿ

ಗೇಟು, ಕಿಟಕಿ ಗ್ರಿಲ್ಲಿಗೆ ಸ್ಪ್ರೇ ಪೇಂಟ್ ಹೊಡೆಯುವ ಕೆಲಸವನ್ನು ಮನೆಯಲ್ಲೇ ಶುರು ಮಾಡ್ತೀನಿ ಅಂತ ತಮ್ಮ ಹಟ ಹಿಡಿದ. ದುಡ್ಡು ಅಮ್ಮನ ಸಂಘದ ಸಾಲ, ವಾರವಾರ ಕಂತು ಕಟ್ಟಬೇಕು. ಹಾಗಾಗಿ ಕಂಪ್ರೆಸರ್ ಆರಿಸಲು ನಾನೂ ಹೋದೆ.

ಅಂಗಡಿಯವರು ಮೊದಲು ಹೇಳುವುದು ಎಚ್‌ಪಿ, ಆಮೇಲೆ ಟ್ಯಾಂಕಿನ ಲೀಟರ್. ನಾವು ಕೇಳಿದ್ದು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕೊಡುತ್ತೆ ಅಂತ. ಟೈರಿಗೆ ಗಾಳಿ ತುಂಬಲು, ಧೂಳು ಊದಲು 1 ಎಚ್‌ಪಿ, 24 ಲೀಟರಿನದೇ ಸಾಕು. ಸ್ಪ್ರೇ ಗನ್ ಹಾಗಲ್ಲ, ಟ್ರಿಗರ್ ಒತ್ತಿದಷ್ಟು ಹೊತ್ತೂ ಗಾಳಿ ಕುಡಿಯುತ್ತೆ. ಗನ್ನಿಗೆ 6 ಸಿಎಫ್‌ಎಂ ಬೇಕಿದ್ದು ಮೆಷಿನ್ 4 ಕೊಟ್ಟರೆ, ಗೇಟು ಅರ್ಧ ಆಗುವಷ್ಟರಲ್ಲಿ ಒತ್ತಡ ಇಳಿದು ಬಣ್ಣ ಹನಿಹನಿಯಾಗಿ ಬೀಳುತ್ತೆ. ದೊಡ್ಡ ಟ್ಯಾಂಕ್ ಅದನ್ನು ಸ್ವಲ್ಪ ಮುಂದೂಡುತ್ತೆ, ಅಷ್ಟೇ. 'ಡಿಸ್‌ಪ್ಲೇಸ್‌ಮೆಂಟ್' ಅಂತ ಬರೆದ ಅಂಕಿಗೆ ಮರುಳಾಗಬೇಡಿ. ನಿಜವಾಗಿ ಹೊರಬರುವ ಗಾಳಿ 'ಎಫ್‌ಎಡಿ', ಅದನ್ನು ನೋಡಿ.

ತಮ್ಮನಿಗೆ 3 ಎಚ್‌ಪಿ ಮೇಲೆ ಆಸೆ. ನಮ್ಮದು ಸಿಂಗಲ್ ಫೇಸ್ ಮನೆ, ಸಂಜೆ ವೋಲ್ಟೇಜ್ ಬಿದ್ದರೆ ಅಷ್ಟು ದೊಡ್ಡ ಮೋಟಾರು ಸ್ಟಾರ್ಟ್ ಆಗೋದೇ ಕಷ್ಟ. 2 ಎಚ್‌ಪಿ, 50 ಲೀಟರಿನದು ತಂದೆವು. ಕಡಿಮೆ ಗಾಳಿಯಲ್ಲಿ ನಡೆಯುವ ಗನ್ ಕೂಡ.

ಟ್ಯಾಂಕಿನ ತಳದಲ್ಲಿ ನೀರು ಸೇರುತ್ತೆ, ಮಳೆಗಾಲದಲ್ಲಂತೂ ಜಾಸ್ತಿ. ಕೆಲಸ ಮುಗಿದ ಮೇಲೆ ಕೆಳಗಿನ ವಾಲ್ವ್ ಬಿಚ್ಚಿ ಅದನ್ನು ಬಿಡಬೇಕು, ಇಲ್ಲದಿದ್ದರೆ ಬಣ್ಣದಲ್ಲಿ ಗುಳ್ಳೆ ಏಳುತ್ತೆ. ಅದನ್ನು ತಮ್ಮ ತಪ್ಪದೆ ಮಾಡ್ತಾನೆ. ಮಾಸ್ಕ್ ಹಾಕೋ ಅಂದ್ರೆ ಮಾತ್ರ ದಿನಾ ಜಗಳ.