ಇಪ್ಪತ್ತು ಸೆಕೆಂಡಿನ ಗಾಲಿ

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಸೈಕಲ್ಲಿನ ಹಿಂದಿನ ಗಾಲಿ ಇಟ್ಟುಕೊಂಡು ಕೂತಿದ್ದೆ. ಗಾಲಿ ಜಾರದಂತೆ ಕೆಳಗೊಂದು ಸ್ಟೀಲ್ ಡಬ್ಬಿ ಬೇರೆ. ಹೆಂಡತಿ ಬಂದು ನೋಡಿದಳು. "ಅದರಾಗ ನಾಳೆ ಮೈದಾ ತೂಗಬೇಕು, ಒರೆಸಿ ಇಡ್ರಿ" ಅಂದಳು, ಅಷ್ಟೇ. ಹತ್ತು ವರ್ಷದ ಸೈಕಲ್ ಹುಚ್ಚು ನೋಡಿ ನೋಡಿ ಆಕೆಗೆ ಆಶ್ಚರ್ಯಪಡುವುದೂ ಸಾಕಾಗಿದೆ.

ಹಿಂದಿನದು 1130 ಗ್ರಾಂ, ಮುಂದಿನದು 890. ಟಯರು ಟ್ಯೂಬು ಬಿಟ್ಟು ಒಟ್ಟು 2020 ಗ್ರಾಂ. ಸೈಕಲ್ಲಿನ ಜೊತೆಗೆ ಕಂಪನಿಯಿಂದ ಬಂದ ಗಾಲಿಗಳು. ನಾನು ಕಣ್ಣು ಹಾಕಿದ್ದ ಕಾರ್ಬನ್ ಗಾಲಿಗಳ ಜೋಡಿ 1420 ಗ್ರಾಂ. ಬೆಲೆ ಅರವತ್ತೈದು ಸಾವಿರ. ಆ ವರ್ಷದ ಬೋನಸ್ಸು ಹೆಚ್ಚುಕಡಿಮೆ ಅಷ್ಟೇ ಬಂದಿತ್ತು. ಇಂಥ ಹೊಂದಾಣಿಕೆಯನ್ನು ದೇವರ ಸಂಜ್ಞೆ ಅಂದುಕೊಳ್ಳುವುದು ಮನುಷ್ಯನ ಸ್ವಭಾವ.

ಪುಣೆಯಲ್ಲಿ ಸೈಕಲ್ ತುಳಿಯುವವರಿಗೆಲ್ಲ ಒಂದು ಪರೀಕ್ಷೆಯಿದೆ. ಅದು ಸಿಂಹಗಡ. ಭಾನುವಾರ ಬೆಳಿಗ್ಗೆ ಖಡಕ್‌ವಾಸಲಾ ಕೆರೆಯ ಪಕ್ಕದಲ್ಲಿ ಹಾದು, ಬುಡಕ್ಕೆ ಬಂದು, ಏರಲು ಶುರುಮಾಡಿದರೆ ಕೋಟೆಯ ಪಾರ್ಕಿಂಗ್ ತನಕ ಉಸಿರಿಗೆ ಪುರುಸೊತ್ತಿಲ್ಲ. ನನಗೆ ಐವತ್ತೈದು ನಿಮಿಷ ಬೇಕು. ನಮ್ಮ ಆಫೀಸಿನ ಇಪ್ಪತ್ತೇಳರ ಹುಡುಗನೊಬ್ಬ ಕಾರ್ಬನ್ ಗಾಲಿ ಹಾಕಿಸಿಕೊಂಡ ಮೇಲೆ ನನ್ನನ್ನು ಮೂರನೆಯ ತಿರುವಿನಲ್ಲೇ ಬಿಟ್ಟುಹೋಗತೊಡಗಿದ. ಅವನು ಅದಕ್ಕೆ ಮೊದಲೂ ಬಿಟ್ಟುಹೋಗುತ್ತಿದ್ದ, ನಾಲ್ಕನೆಯ ತಿರುವಿನಲ್ಲಿ. ಆದರೆ ನಲವತ್ಮೂರನೆಯ ವಯಸ್ಸಿನಲ್ಲಿ ತಪ್ಪು ಕಾಲಿನದಲ್ಲ, ಗಾಲಿಯದು ಎಂದು ನಂಬುವುದರಲ್ಲಿ ಒಂದು ಸಮಾಧಾನವಿದೆ.

ಕಾರ್ಡ್ ಉಜ್ಜುವ ಮೊದಲು ಒಂದು ಲೆಕ್ಕ ಹಾಕಿದೆ. ನನ್ನ ತೂಕ 78 ಕಿಲೋ. ಸೈಕಲ್ಲು, ನೀರಿನ ಬಾಟಲಿ, ಶೂ, ಹೆಲ್ಮೆಟ್ ಎಲ್ಲ ಸೇರಿದರೆ 90. ಉಳಿಯುವುದು 600 ಗ್ರಾಂ, ಅಂದರೆ ನೂರಕ್ಕೆ 0.67. ಕಡಿದಾದ ಏರಿನಲ್ಲಿ ನಮ್ಮ ಶಕ್ತಿಯ ಬಹುಪಾಲು ಹೋಗುವುದು ತೂಕವನ್ನು ಮೇಲಕ್ಕೆ ಎತ್ತಲಿಕ್ಕೆ. ಹಾಗಾಗಿ ತೂಕ ಎಷ್ಟು ಶೇಕಡಾ ಇಳಿಯುತ್ತದೋ ಹೆಚ್ಚುಕಡಿಮೆ ಅಷ್ಟೇ ಶೇಕಡಾ ಸಮಯ ಉಳಿಯುತ್ತದೆ. ಐವತ್ತೈದು ನಿಮಿಷ ಎಂದರೆ 3300 ಸೆಕೆಂಡು. ಗಾಳಿಯ ತಡೆ, ಟಯರಿನ ತಿಕ್ಕಾಟ ಕಳೆದು ನನಗೆ ಸಿಗುವ ಲಾಭ ಸುಮಾರು ಇಪ್ಪತ್ತು ಸೆಕೆಂಡು. ಸೆಕೆಂಡಿಗೆ ಮೂರು ಸಾವಿರದ ಇನ್ನೂರೈವತ್ತು ರೂಪಾಯಿ!

ಗಾಲಿಯ ತೂಕ ಎರಡು ಪಟ್ಟು ಲೆಕ್ಕ ಎಂದು ಸೈಕಲ್ ಮಂದಿ ಹೇಳುತ್ತಾರೆ. ಅರ್ಧ ನಿಜ. ರಿಮ್ಮಿನ ತೂಕ ಮುಂದಕ್ಕೂ ಸಾಗಬೇಕು, ಸುತ್ತಲೂ ಬೇಕು. ಆದ್ದರಿಂದ ವೇಗ ಹೆಚ್ಚಿಸುವಾಗ ರಿಮ್ಮಿನ ಒಂದು ಗ್ರಾಂ ಸುಮಾರು ಎರಡು ಗ್ರಾಮಿನಷ್ಟು ಕಾಡುತ್ತದೆ. ನಡುವಿನ ಹಬ್ಬಿನ ತೂಕಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಒಂದೇ ಗತಿಯಲ್ಲಿ ಏದುಸಿರು ಬಿಡುತ್ತ ಗುಡ್ಡ ಏರುವ ನನ್ನಂಥವನಿಗೆ ರಿಮ್ಮಿನ ಗ್ರಾಂ ಕೂಡ ಬರೀ ಒಂದು ಗ್ರಾಂ. ತಿರುವಿನಿಂದ ಎದ್ದು ಮತ್ತೆ ಮತ್ತೆ ಮುನ್ನುಗ್ಗಬೇಕಾದ ರೇಸಿನವರಿಗೆ ಮಾತ್ರ ಹಗುರ ರಿಮ್ಮಿನ ರುಚಿ ಗೊತ್ತಾಗುವುದು.

ಇಷ್ಟೆಲ್ಲ ಲೆಕ್ಕ ಹಾಕಿಯೂ ಆಸೆ ಹೋಗಲಿಲ್ಲ. ವಿಜಯಪುರದಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಗಾಲಿಯ ವಿಷಯ ನನಗೆ ಮೊದಲು ಕಲಿಸಿದವನು ಅವನೇ.

ನಮ್ಮೂರಿಗೂ ಸೈಕಲ್ಲಿಗೂ ಇರುವ ನಂಟು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ವಿಜಯಪುರ ಎಂದರೆ ಗೋಳಗುಮ್ಮಟ ಎನ್ನುತ್ತಾರೆ. ನಮಗೆ ನಸುಕಿನ ಸೋಲಾಪುರ ರಸ್ತೆ ಎಂದರೆ ಸಾಲಾಗಿ ಹೋಗುವ ರೇಸ್ ಸೈಕಲ್ಲುಗಳು. ಊರಿನ ಕ್ರೀಡಾ ಹಾಸ್ಟೆಲ್ಲಿನ ಹುಡುಗರು ತಲೆ ಬಗ್ಗಿಸಿಕೊಂಡು, ಒಬ್ಬರ ಹಿಂದೊಬ್ಬರು, ಸರ್ರನೆ ಹಾದುಹೋಗುತ್ತಿದ್ದರು. ಆ ಸದ್ದು ಕೇಳಿಯೇ ಅಣ್ಣ ಏಳುತ್ತಿದ್ದ. ಹಾಸ್ಟೆಲ್ಲಿನವನಲ್ಲದಿದ್ದರೂ ಸೆಕೆಂಡ್ ಹ್ಯಾಂಡ್ ಸೈಕಲ್ಲೊಂದರಲ್ಲಿ ಅವರ ಬೆನ್ನು ಹತ್ತುತ್ತಿದ್ದ. ಸೈಕಲ್ಲಿಗೆ ಇದ್ದದ್ದು ಕಬ್ಬಿಣದ ರಿಮ್ಮು. ಅದನ್ನು ತಲೆಕೆಳಗೆ ನಿಲ್ಲಿಸಿ, ಗಾಲಿ ತಿರುಗಿಸಿ, ಬ್ರೇಕಿನ ರಬ್ಬರಿಗೆ ಎಲ್ಲಿ ತಾಗುತ್ತದೆ ನೋಡಿ, ಕಡ್ಡಿ ಬಿಗಿ ಮಾಡಿ ಔಟ್ ತೆಗೆಯುವುದನ್ನು ನಾನು ಅವನ ಪಕ್ಕ ಕೂತು ಕಲಿತೆ.

1997ರಲ್ಲಿ ಅವನಿಗೆ ಹದಿನೇಳು. ಅಲ್ಯೂಮಿನಿಯಂ ರಿಮ್ಮಿನ ಒಂದು ಜೋಡಿ ಗಾಲಿ ಬೇಕೆಂದು ಅಪ್ಪನನ್ನು ಕೇಳಿದ. ಅಪ್ಪ ದಲಾಲಿ ಅಂಗಡಿಯಲ್ಲಿ ಗುಮಾಸ್ತ. "ದೀಪಾವಳಿ ಆಗ್ಲಿ" ಅಂದರು. ದೀಪಾವಳಿ ಆಗುವ ಮೊದಲೇ ನನ್ನ ಹತ್ತನೆಯ ತರಗತಿಯ ಟ್ಯೂಷನ್ನಿಗೆ ಒಂದು ಸಾವಿರದ ಎಂಟುನೂರು ಕಟ್ಟಬೇಕಾಯಿತು. ಆ ಚಳಿಗಾಲ ಒಂದು ರೇಸಿನಲ್ಲಿ, ಮುಂದಿನ ಗುಂಪಿನಲ್ಲೇ ಇದ್ದವನ ಹಿಂದಿನ ಗಾಲಿಯ ಕಡ್ಡಿ ಮುರಿಯಿತು. ಒಂದು ಮುರಿದರೆ ರಿಮ್ಮು ಸೊಟ್ಟಗಾಗುತ್ತದೆ, ಪಕ್ಕದ ಕಡ್ಡಿಗಳ ಮೇಲೆ ಭಾರ ಬೀಳುತ್ತದೆ. ಇನ್ನೆರಡು ಮುರಿದವು. ಅಣ್ಣ ಸೈಕಲ್ ಹೊತ್ತುಕೊಂಡು ಮನೆಗೆ ಬಂದ. ಏನೂ ಅನ್ನಲಿಲ್ಲ. ಮುಂದಿನ ತಿಂಗಳು ಸೈಕಲ್ ಮಾರಿದ. ನಾನು ಓದಿ ಪುಣೆಗೆ ಬಂದೆ. ಅವನು ಈಗ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ.

ಗಾಲಿಯ ಬೆಲೆ ಕೇಳಿ ಅವನು ಬೈಯುತ್ತಾನೆ ಅಂದುಕೊಂಡಿದ್ದೆ. "ತಗೋ. ನೀ ದುಡದೀದಿ, ನೀ ತುಳೀತಿ. ನನ್ನ ಯಾಕ ಕೇಳ್ತಿ?" ಅಂದ. ಆಮೇಲೆ ತಡೆದು, "ಬ್ರೇಕ್ ಎಂಥಾದ್ದೋ ನಿಂದು? ರಿಮ್ ಹಿಡಿಯೋದೋ, ಡಿಸ್ಕೋ?" ಎಂದು ಕೇಳಿದ. ರಿಮ್ ಬ್ರೇಕು ಅಂದೆ. "ಹಂಗಾದ್ರ ಕೋಟಿ ಇಳೀಬೇಕಾದ್ರ ರಿಮ್ ಕಾಯ್ತದ ನೋಡು. ಕಾರ್ಬನ್ನಿಗಿ ಅಂಟು ಇರ್ತದಲ್ಲ, ಅದರ ಗತಿ ಏನು?"

ಸರಿಯಾದ ಪ್ರಶ್ನೆ. ಅಲ್ಯೂಮಿನಿಯಂ ಶಾಖವನ್ನು ಬೇಗ ಹರಡಿ ಗಾಳಿಗೆ ಬಿಟ್ಟುಕೊಡುತ್ತದೆ. ಕಾರ್ಬನ್ ಎಳೆಗಳನ್ನು ಹಿಡಿದಿಡುವುದು ರಾಳ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಆ ರಾಳ ಮೆತ್ತಗಾಗಿ ರಿಮ್ಮು ಉಬ್ಬಬಹುದು. ಒಳ್ಳೆಯ ಕಂಪನಿಗಳು ಹೆಚ್ಚು ಶಾಖ ತಡೆಯುವ ರಾಳ ಬಳಸುತ್ತವೆ, ನಿಜ. ಆದರೆ ನಾನು ಇಳಿಯುವಾಗ ಎರಡೂ ಬ್ರೇಕು ಹಿಡಿದು ದೇವರ ಹೆಸರು ಹೇಳಿಕೊಂಡು ಇಳಿಯುವ ಜಾತಿ. ಕಾರ್ಬನ್ನಿಗೆ ನನ್ನಂಥವನೇ ಶತ್ರು.

ವಾರದ ನಂತರ ಅವ್ವ ಫೋನಿನಲ್ಲಿ ಅಕ್ಕಿ ಬೇಳೆಯ ಮಾತಿನ ನಡುವೆ ಹೇಳಿದಳು: "ನಿಮ್ಮಣ್ಣನ ಮಗಳೂ ಸೈಕಲ್ ಹತ್ಯಾಳೋ. ಹಾಸ್ಟೆಲ್ಲಿಗಿ ಆರಿಸಬೇಕಂತ ನಸಕಿನ್ಯಾಗ ಹೋಗ್ತಾಳ. ಮೊನ್ನಿ ಕಡ್ಡಿ ಮುರದು ಬಿದ್ದು ಮೊಣಕಾಲು ತರಚಿಕೊಂಡು ಬಂದಳು."

ಅಣ್ಣ ನನಗೆ ಇದನ್ನು ಹೇಳಿರಲಿಲ್ಲ. ಬೋನಸ್ಸಿನ ಗಾಲಿಯ ಬಗ್ಗೆ ಅರ್ಧ ಗಂಟೆ ಮಾತಾಡಿದ್ದೆವು. ಒಂದು ಮಾತೂ ಹೇಳಿರಲಿಲ್ಲ.

ಮರುದಿನ ಪೇಠೆಯ ಗಲ್ಲಿಯಲ್ಲಿ ಗಾಲಿ ಕಟ್ಟುವ ಮುದುಕನ ಬಳಿ ಹೋದೆ. ನಾವೆಲ್ಲ ಅವನನ್ನು ಮಿಸ್ತ್ರಿ ಎಂದೇ ಕರೆಯುವುದು. ಹಗುರ ಗಾಲಿ ಬೇಕು ಅಂದೆ. "ತುಮಚಂ ವಜನ ಕಿತಿ?" ಎಂದು ಕೇಳಿದ. ಗಾಲಿಯದಲ್ಲ, ನನ್ನ ತೂಕ. ನಾನು ಇಷ್ಟು ದಿನ ಗಾಲಿಗಳನ್ನು ತೂಗಿದ್ದೆ. ಮಿಸ್ತ್ರಿ ಮೊದಲು ಸವಾರನನ್ನು ತೂಗುತ್ತಾನೆ.

ಅವನು ವಿವರಿಸಿದ್ದು ಇದು. ಗಾಲಿ ನಿಂತಿರುವುದು ಕಡ್ಡಿಗಳ ಬಿಗಿಯಿಂದ. ಗಾಲಿ ತಿರುಗಿದಂತೆ ನೆಲದ ಕಡೆ ಬಂದ ಕಡ್ಡಿ ಸ್ವಲ್ಪ ಸಡಿಲಾಗಿ, ಮೇಲೆ ಹೋಗುತ್ತ ಮತ್ತೆ ಬಿಗಿಯಾಗುತ್ತದೆ. ನಮ್ಮ ಟಯರಿನ ಸುತ್ತಳತೆ ಸುಮಾರು 2.1 ಮೀಟರ್, ಅಂದರೆ ಒಂದು ಕಿಲೋಮೀಟರಿಗೆ ಸುಮಾರು 475 ಸುತ್ತು. ನಲವತ್ತು ಕಿಲೋಮೀಟರ್ ತುಳಿದರೆ ಪ್ರತಿಯೊಂದು ಕಡ್ಡಿಯೂ ಹತ್ತೊಂಬತ್ತು ಸಾವಿರ ಸಲ ಸಡಿಲು-ಬಿಗಿಯಾಗುತ್ತದೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುವ ಹಾಗೆ, ಹಬ್ಬಿನ ಹತ್ತಿರದ ಬಾಗಿನಲ್ಲಿ ಅದು ದಣಿದು ಮುರಿಯುತ್ತದೆ. ಹೆಚ್ಚು ಬಿಗಿದದ್ದು ಮುರಿಯುತ್ತದೆ ಎಂದು ನಾವು ತಿಳಿಯುತ್ತೇವೆ, ಆದರೆ ಸಾಮಾನ್ಯವಾಗಿ ಮುರಿಯುವುದು ಸಡಿಲಾಗಿ ಬಿಟ್ಟದ್ದು. ಕಡ್ಡಿ ಕಡಿಮೆ ಮಾಡಿದರೆ ಗಾಲಿ ಹಗುರ, ಆದರೆ ಉಳಿದವು ಹೆಚ್ಚು ಹೊರಬೇಕು. 78 ಕಿಲೋದ ಮನುಷ್ಯ, ಪುಣೆಯ ಗುಂಡಿಗಳು: ಮುಂದೆ 24, ಹಿಂದೆ 28, ಅದಕ್ಕಿಂತ ಕಡಿಮೆ ಬೇಡ ಅಂದ.

"ನಲವತ್ತೆರಡು ಕಿಲೋದ ಹುಡುಗಿಗೆ?" ಎಂದು ಕೇಳಿದೆ.

ಮುಂದೆ 20, ಹಿಂದೆ 24 ಸಾಕು, ರಿಮ್ಮೂ ತೆಳುವಿನದು ನಡೆಯುತ್ತದೆ ಅಂದ. ಅಲ್ಲೇ ನಿಂತು ಲೆಕ್ಕ ಹಾಕಿದೆ. ಆಕೆ, ಸೈಕಲ್ಲು, ಬಾಟಲಿ ಸೇರಿ 53 ಕಿಲೋ. ಅದೇ 600 ಗ್ರಾಂ ಆಕೆಗೆ ನೂರಕ್ಕೆ 1.13. ನನಗೆ ಸಿಗುವುದರ ಹತ್ತಿರಹತ್ತಿರ ಎರಡು ಪಟ್ಟು. ಮೇಲಾಗಿ ತಿರುವು ತಿರುವಿಗೂ ಎದ್ದು ಮುನ್ನುಗ್ಗುವವಳು ಅವಳು, ನಾನಲ್ಲ. ಹಗುರ ಗಾಲಿ ಕೊಳ್ಳುವ ಶಕ್ತಿ ನಲವತ್ತರ ಮೇಲಿನ, ಹೊಟ್ಟೆ ಬಂದವರಿಗೆ. ಅದರ ಉಪಯೋಗ ಹದಿನಾಲ್ಕರ, ಜೇಬು ಖಾಲಿ ಇರುವವರಿಗೆ.

ಅಣ್ಣನಿಗೆ ಫೋನ್ ಮಾಡಿ, ಎರಡು ಜೋಡಿ ಕಟ್ಟಿಸುತ್ತಿದ್ದೇನೆ, ಒಂದು ಮಗಳಿಗೆ ಅಂದೆ. ಬಹಳ ಹೊತ್ತು ಮಾತಿಲ್ಲ. ಹಿಂದೆ ಯಾರೋ ಅಂಗಡಿಯಲ್ಲಿ ಬೇರಿಂಗ್ ಕೇಳುತ್ತಿದ್ದರು.

"ತಮ್ಮಾ, ಆ ಟ್ಯೂಷನ್ ರೊಕ್ಕದ್ದು ಇನ್ನಾ ತಲ್ಯಾಗ ಇಟ್ಕೊಂಡಿ ಏನು?"

ನಾನು ಇಲ್ಲ ಅಂದೆ. ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು.

"ನಿನಗ ಟ್ಯೂಷನ್ ಬೇಕಿತ್ತು, ಅಪ್ಪ ಕಟ್ಟಿದ. ಅದರಾಗ ನಿಂದೇನೂ ತಪ್ಪಿಲ್ಲ. ಆದ್ರ ನನ್ನ ಗಾಲಿ ನೀ ಈಗ ತಿರುಗಿ ಕೊಡಾಕ ಆಗೂದಿಲ್ಲ, ತಿಳೀತಿಲ್ಲೋ? ಆಕಿಗೆ ಬೇಕಂತ ಕಳಸೂದಿದ್ರ ಕಳಸು. ನನಗಂತ ಕಳಸಬ್ಯಾಡ."

ಹೂಂ ಅಂದೆ. ಅವನೇ ಮುಂದುವರಿದು, "ಹಬ್ಬಿನ ಅಗಲ 130 ಅದ ನೋಡು, ಡಿಸ್ಕಿಂದು 142 ತರಬ್ಯಾಡ ಮತ್ತ" ಅಂದ. ಅಳತೆ ಮೊದಲೇ ತೆಗೆದಿಟ್ಟಿದ್ದಾನೆ. ಎಂದೋ ಒಂದು ದಿನ ತಾನೇ ಕೊಡಿಸಬೇಕೆಂದು ಇಟ್ಟುಕೊಂಡಿದ್ದಿರಬೇಕು. ಆ ಸಂತೋಷವನ್ನು ನಾನು ಕಿತ್ತುಕೊಂಡೆನೇ ಎಂಬ ಅಳುಕು ನನಗೆ ಇನ್ನೂ ಇದೆ.

ಮಿಸ್ತ್ರಿ ಹದಿನೈದು ದಿನ ತೆಗೆದುಕೊಂಡ. ನನ್ನವು 1650 ಗ್ರಾಂ, ಆಕೆಯವು 1460. ಎರಡು ಜೋಡಿಗೆ ಸೇರಿ ನಲವತ್ತಾರು ಸಾವಿರ. ಉಳಿದದ್ದರಲ್ಲಿ ಏಳು ಸಾವಿರ ಕೊಟ್ಟು ನನ್ನ ಹಳೆಯ ತಂತಿ ಅಂಚಿನ ಟಯರುಗಳನ್ನು ಬಿಟ್ಟು ಮಡಚಿಡುವಂಥ ಹಗುರ ಟಯರು, ತೆಳು ಟ್ಯೂಬು ಹಾಕಿಸಿದೆ. ಬರೀ ಅದರಿಂದಲೇ ಸುಮಾರು ನಾನೂರು ಗ್ರಾಂ ಇಳಿಯಿತು, ಅದೂ ಗಾಲಿಯ ಅಂಚಿನಲ್ಲೇ. ಗಾಲಿ ಬದಲಾಯಿಸಬೇಕೆಂದಿರುವವರು ಮೊದಲು ಇದನ್ನು ಮಾಡಿ ನೋಡಿ. ಗಾಲಿಯ ಆಸೆ ಅರ್ಧ ಅಲ್ಲಿಯೇ ತೀರುತ್ತದೆ. ಆಫೀಸಿನ ಹುಡುಗ ಈಗಲೂ ಮೂರನೆಯ ತಿರುವಿನಲ್ಲೇ ಬಿಟ್ಟುಹೋಗುತ್ತಾನೆ.

ಆಕೆಯ ಗಾಲಿಗಳನ್ನು ರಟ್ಟು ಸುತ್ತಿ ರಾತ್ರಿ ಬಸ್ಸಿಗೆ ಹಾಕಿದೆ. ಎರಡು ದಿನ ಬಿಟ್ಟು ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ಏದುಸಿರಿನ ದನಿ.

"ಕಾಕಾ, ಹೊಸಾ ಗಾಲಿ ಚಿಟ್ ಚಿಟ್ ಅಂತ ಸಪ್ಪಳ ಮಾಡ್ತಾವು. ಮುರೀತಾವೇನು?"

ಇಲ್ಲ, ಬಿಗಿ ಮಾಡುವಾಗ ತಿರುಚಿಕೊಂಡ ಕಡ್ಡಿಗಳು ಈಗ ಬಿಚ್ಚಿಕೊಳ್ಳುತ್ತಿವೆ, ಹೊಸ ಗಾಲಿ ಹಾಗೇ ಮಾತಾಡುತ್ತದೆ ಅಂದೆ. ನೂರಿನ್ನೂರು ಕಿಲೋಮೀಟರ್ ತುಳಿ, ಆಮೇಲೆ ಒಂದು ಸಲ ಔಟ್ ತೆಗೆಸಬೇಕು.

"ಯಾರ ಹತ್ರ ತೆಗಸ್ಲಿ?"

"ನಿಮ್ಮಪ್ಪಗ ಹೇಳು," ಅಂದೆ. "ನನಗ ಕಲಿಸಿದಾಂವ ಅವನೇ."

"ಅಪ್ಪಗ ಬರ್ತದ?" ಎಂದು ಆಕೆ ಆಶ್ಚರ್ಯದಿಂದ ಕೇಳಿದಳು.