ಓದೋಕೆ ಅಂತಲೇ ಹೋದ ಎರಡು ರಾತ್ರಿ

ರಜೆ ಬಂತು, ಎಲ್ಲಿಗಾದರೂ ಹೋಗಿಬರೋಣ ಅಂದಾಗಲೆಲ್ಲ ಅವ್ವನದು ಒಂದೇ ಪ್ರಶ್ನೆ. "ಅಲ್ಲಿ ಹೋಗಿ ಏನ್ ಮಾಡಾದದ?"

ನೋಡೋದು, ಉಣ್ಣೋದು, ಫೋಟೊ ತೆಗೆಯೋದು ಅಂತ ಹೇಳಿ ಹೇಳಿ ಸೋತಿದ್ದೆ. ಈ ಜನವರಿಯಲ್ಲಿ ಮಾತ್ರ "ಓದೋದು" ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹಂಗಾದ್ರ ಬರ್ತೀನಿ. ಮೊದಲ ಚಶ್ಮಾದ ನಂಬರ್ ತೋರಿಸ್ಬೇಕು" ಅಂದಳು.

ನಮ್ಮೂರು ಭೂಸನೂರ. ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕು. ಚಳಿಗಾಲದಲ್ಲಿ ಬಂದರೆ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಕಾಣುತ್ತದೆ, ಉಳಿದಂತೆ ತೊಗರಿ, ಜೋಳ, ಕಡಲೆ. ಪ್ರವಾಸಿಗರು ಹುಡುಕಿಕೊಂಡು ಬರುವ ಊರಲ್ಲ. ಅಲ್ಲಿ ನಮ್ಮದೊಂದು ಹಳೆಯ ಕಲ್ಲುಮನೆ. ಎರಡು ವರ್ಷದ ಹಿಂದೆ ಅಪ್ಪ ಹೋದಮೇಲೆ ಅವ್ವ ಅಲ್ಲಿ ಒಬ್ಬಳೇ. ನಾನು ಪುಣೆಯಲ್ಲಿ, ಅಣ್ಣ ಹೈದರಾಬಾದಿನಲ್ಲಿ. ಮನೆ ಕೇಳಿಕೊಂಡು ಒಬ್ಬರು ಬಂದಿದ್ದಾರೆ, ಒಳ್ಳೆ ರೇಟು ಹೇಳುತ್ತಿದ್ದಾರೆ, ಕೊಟ್ಟುಬಿಡೋಣ, ಅವ್ವ ನಮ್ಮ ಜೊತೆ ಇರಲಿ ಅನ್ನೋದು ಅಣ್ಣನ ಲೆಕ್ಕ. ಅವನ ಲೆಕ್ಕದಲ್ಲಿ ತಪ್ಪು ಹುಡುಕೋದು ಕಷ್ಟ. ಆದರೆ ಮಾತು ಪ್ರತಿಸಲ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ಮುತ್ಯಾನ ಪುಸ್ತಕಗಳು.

ಮುತ್ಯಾ ಅಂದರೆ ನಮ್ಮ ಕಡೆ ಅಜ್ಜ. ನಮ್ಮ ಮುತ್ಯಾ ಶಾಲೆ ಮಾಸ್ತರ. ಅವನು ಓದಿದ್ದು ನಿಜಾಮರ ಕಾಲದಲ್ಲಿ, ಉರ್ದು ಮಾಧ್ಯಮದಲ್ಲಿ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಉರ್ದು ಕಲಿತವನು ಕನ್ನಡ ಕಲಿಸುತ್ತ ಉಳಿದ. ಗಡಿ ಊರಾದ್ದರಿಂದ ಮರಾಠಿ ಹೇಗೂ ಬರುತ್ತಿತ್ತು. ಹೀಗಾಗಿ ಎರಡು ಗೋಡೆ ಕಪಾಟು, ಒಂದು ಕಬ್ಬಿಣದ ಟ್ರಂಕಿನಲ್ಲಿ ಮೂರು ಲಿಪಿಯ ಪುಸ್ತಕ. ಕನ್ನಡದವನ್ನು ಅಪ್ಪ ಓದಿದ್ದ, ಕೆಲವನ್ನು ನಾನೂ ಓದಿದ್ದೆ. ಉಳಿದವನ್ನು ಮುಟ್ಟಿದವರಿಲ್ಲ. "ಯಾರಿಗಿ ಬೇಕಾಗ್ಯಾವ? ರದ್ದಿಗಿ ಹಾಕಿಬಿಡಾಮು" ಅಂದ ಅಣ್ಣ. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎಲ್ಲಾದರೂ ಕರೆದುಕೊಂಡು ಹೋಗಿ ಸಾವಕಾಶ ಮಾತಾಡಬೇಕು ಅಂತ ನನಗೆ ಅನಿಸಿದ್ದು ಆಗಲೇ.

ನನಗೊಂದು ಹುಚ್ಚಿದೆ. ರೂಮು ಬುಕ್ ಮಾಡುವಾಗ ಎಲ್ಲರೂ ಈಜುಕೊಳ ಇದೆಯಾ ನೋಡಿದರೆ, ನಾನು ಲೈಬ್ರರಿ ಇದೆಯಾ ಅಂತ ನೋಡುತ್ತೇನೆ. ಮಲೆನಾಡಿನ ಒಂದು ರೆಸಾರ್ಟಿನಲ್ಲಿ "ಲೈಬ್ರರಿ ಲೌಂಜ್" ಅಂತ ಓದಿ ಉತ್ಸಾಹದಿಂದ ಹೋಗಿದ್ದೆ. ಗಾಜಿನ ಕಪಾಟಿಗೆ ಬೀಗ. ಕೀಲಿ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ರಜೆಯಲ್ಲಿ. ಗಾಜಿನಾಚೆ ಕಂಡಿದ್ದು ಹಳೆಯ ವಿಮಾನ ಪತ್ರಿಕೆಗಳು ಮತ್ತು ಯಶಸ್ಸಿನ ಏಳೆಂಟು ಸೂತ್ರದ ಪುಸ್ತಕಗಳು. ಇಂಥವು ಈಗ ಬಹಳ. ಸೋಫಾ ಕವರಿನ ಬಣ್ಣಕ್ಕೆ ಪುಸ್ತಕದ ಬೆನ್ನು ಹೊಂದಿಸಿದ್ದನ್ನೂ ನೋಡಿದ್ದೇನೆ.

ನಿಜವಾದದ್ದೂ ಇವೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಹಾರ್ಡನ್ ಅನ್ನುವ ಹಳ್ಳಿಯ ಗ್ಲಾಡ್‌ಸ್ಟನ್ ಲೈಬ್ರರಿ ಅಂಥದ್ದು. ನಾಲ್ಕು ಸಲ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ ತಮ್ಮ 32,000 ಪುಸ್ತಕ ಕೊಟ್ಟು ಕಟ್ಟಿಸಿದ್ದು. ಎಂಬತ್ತು ದಾಟಿದ ಮೇಲೆ ಕೈಗಾಡಿಯಲ್ಲಿ ಪುಸ್ತಕ ತುಂಬಿಸಿ ಮನೆಯಿಂದ ಸಾಗಿಸಿದರಂತೆ. ಅಲ್ಲಿ ಮಲಗಲು 26 ಕೋಣೆಗಳಿವೆ. ನನ್ನ ಸಂಬಳದಲ್ಲಿ ಅದು ಸದ್ಯಕ್ಕೆ ಫೋನಿನಲ್ಲಿ ನೋಡುವ ಜಾಗ. ಕೈಗೆಟುಕುವಂಥದ್ದು ನಮ್ಮ ಪಕ್ಕದ ರಾಜ್ಯದಲ್ಲೇ ಇತ್ತು: ಸಾತಾರಾ ಜಿಲ್ಲೆಯ ಭಿಲಾರ.

ಅವ್ವ ಆಳಂದದಿಂದ ಅಕ್ಕಲಕೋಟೆ ಮೇಲೆ ಸೊಲ್ಲಾಪುರಕ್ಕೆ ಬಂದಳು. ಅಕ್ಕಲಕೋಟೆ ಕಡೆಯದೇ ಅವಳ ತವರು. ಅಲ್ಲಿ ಏಳನೆಯ ಇಯತ್ತೆಯ ತನಕ ಮರಾಠಿ ಶಾಲೆಯಲ್ಲಿ ಓದಿದವಳು. ನಾನು ಪುಣೆಯಿಂದ ಬಂದು ಸ್ಟ್ಯಾಂಡಿನಲ್ಲಿ ಕಾದಿದ್ದೆ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹೊಸ ಚಶ್ಮಾ. ಪಂಢರಪುರದ ದಾರಿ ಹಿಡಿದು ಸಾತಾರಾ, ಅಲ್ಲಿಂದ ವಾಯಿ. ವಾಯಿ ದಾಟಿದ ಮೇಲೆ ಪಸರಣಿ ಘಾಟು ಹತ್ತುವಾಗ ಕೆಂಪು ಬಸ್ಸಿನ ಕಿಟಕಿಯಾಚೆ ಕೃಷ್ಣಾ ಕಣಿವೆ ಕೆಳಗೆ ಕೆಳಗೆ ಇಳಿಯುತ್ತದೆ. ಪಂಚಗಣಿ ದಾಟಿ ಮಹಾಬಳೇಶ್ವರದ ಕಡೆ ಸ್ವಲ್ಪ ದೂರ ಹೋದರೆ ಭಿಲಾರ.

ಮೊದಲು ಇದು ಸ್ಟ್ರಾಬೆರಿ ಊರು, ಈಗಲೂ ಹೌದು. 2017ರ ಮೇ 4ರಂದು ಮಹಾರಾಷ್ಟ್ರ ಸರಕಾರ ಇದನ್ನು 'ಪುಸ್ತಕಾಂಚೆ ಗಾವ್', ಪುಸ್ತಕಗಳ ಊರು ಅಂತ ಘೋಷಿಸಿತು. ರಾಜ್ಯ ಮರಾಠಿ ವಿಕಾಸ ಸಂಸ್ಥೆಯ ಯೋಜನೆ. ಹೊಸ ಕಟ್ಟಡ ಕಟ್ಟಿ ಲೈಬ್ರರಿ ಮಾಡಲಿಲ್ಲ. ಊರವರು ತಮ್ಮ ಮನೆ, ಲಾಡ್ಜು, ಗುಡಿ, ಶಾಲೆಯಲ್ಲಿ ಜಾಗ ಬಿಟ್ಟುಕೊಟ್ಟರು, ಸರಕಾರ ಕಪಾಟು, ಕುರ್ಚಿ, ಪುಸ್ತಕ ಕೊಟ್ಟಿತು. ಶುರುವಿನಲ್ಲಿ 25 ಜಾಗ, ಸುಮಾರು 15,000 ಮರಾಠಿ ಪುಸ್ತಕ. ಒಂದೊಂದು ಮನೆಗೆ ಒಂದೊಂದು ವಿಷಯ. ಒಬ್ಬರ ಪಡಸಾಲೆಯಲ್ಲಿ ಕಾದಂಬರಿ, ಇನ್ನೊಬ್ಬರ ಜಗಲಿಯಲ್ಲಿ ಇತಿಹಾಸ, ಮತ್ತೊಂದು ಕಡೆ ಮಕ್ಕಳ ಪುಸ್ತಕ, ಸಂತ ಸಾಹಿತ್ಯ. ಗೋಡೆಗಳ ಮೇಲೆ ಆಯಾ ವಿಷಯದ ಚಿತ್ರ. ಓದಲು ದುಡ್ಡಿಲ್ಲ. ಹಲವು ಮನೆಗಳಲ್ಲಿ ಉಳಿಯಲು ಕೋಣೆಗಳೂ ಇವೆ, ಅದಕ್ಕೆ ಬಾಡಿಗೆ.

ನಾವು ಉಳಿದಿದ್ದು ಆತ್ಮಚರಿತ್ರೆಗಳ ಮನೆ. ಎರಡು ಮಂಚದ ಸಾದಾ ಕೋಣೆ, ಹಿಂದೆ ಸ್ಟ್ರಾಬೆರಿ ಮಡಿ, ಮುಂದೆ ಕಪಾಟುಗಳು. ಮನೆಯೊಡತಿ ಅವ್ವನ ವಯಸ್ಸಿನವರೇ. ಬಂದ ಕೂಡಲೇ ಅವ್ವನನ್ನು 'ತಾಈ' ಅಂದರು. ಮರಾಠಿಯಲ್ಲಿ ಅದು ಅಕ್ಕ. ಅರ್ಧ ಗಂಟೆಯಲ್ಲಿ ಇಬ್ಬರೂ ಅಡುಗೆಮನೆಯಲ್ಲಿದ್ದರು.

ನಾನು ಮರಾಠಿ ಓದುವುದು ಎತ್ತಿನಗಾಡಿ ವೇಗದಲ್ಲಿ. ಧಾರವಾಡದಲ್ಲಿ ಪ್ರೊಫೆಸರ್ ಆಗಿದ್ದುಕೊಂಡು ಮರಾಠಿಯಲ್ಲಿ ಕಥೆ ಬರೆದ ಜಿ.ಎ. ಕುಲಕರ್ಣಿಯವರದು ಎಲ್ಲಾದರೂ ಸಿಕ್ಕೀತೆಂದು ಮನೆಯಿಂದ ಮನೆಗೆ ಅಲೆದೆ. ಸಿಕ್ಕಿತು, ಮಧ್ಯಾಹ್ನದ ತನಕ ಹತ್ತು ಪುಟ ಸಾಗಿತು, ಅಲ್ಲೇ ತೂಕಡಿಸಿದೆ. ನಾಲ್ಕು ಗಂಟೆಗೆ ಎದ್ದು ಅವ್ವನನ್ನು ಹುಡುಕಿಕೊಂಡು ಹೋದರೆ ಕವಿತೆಗಳ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಾಳೆ. ಕೈಯಲ್ಲಿ ಬಹಿಣಾಬಾಯಿ ಚೌಧರಿ.

ಬಹಿಣಾಬಾಯಿ ಖಾನದೇಶದ ರೈತ ಹೆಣ್ಣುಮಗಳು. ಓದು ಬರಹ ಬಾರದು. ಬೀಸುವಾಗ, ಹೊಲದಲ್ಲಿ ದುಡಿಯುವಾಗ ಕಟ್ಟಿ ಹಾಡಿದ್ದನ್ನು ಮನೆಯವರು ಬರೆದಿಟ್ಟುಕೊಂಡರು. 1951ರಲ್ಲಿ ಆಕೆ ತೀರಿಕೊಂಡ ಮೇಲೆ, 1952ರಲ್ಲಿ ಪುಸ್ತಕವಾಯಿತು. ಮರಾಠಿ ಶಾಲೆಯ ಮಕ್ಕಳೆಲ್ಲ ಪಠ್ಯದಲ್ಲಿ ಓದಿರುತ್ತಾರೆ. ಅವ್ವನೂ ಓದಿದ್ದಳು. ಪುಸ್ತಕ ಮಡಿಲಲ್ಲಿತ್ತು, ಕಣ್ಣು ಮುಚ್ಚಿತ್ತು, ತುಟಿ ಅಲ್ಲಾಡುತ್ತಿತ್ತು. ನಲವತ್ತು ವರ್ಷದ ಹಿಂದಿನ ಬಾಯಿಪಾಠ. ನಾನು ಬಾಗಿಲಲ್ಲೇ ನಿಂತೆ. ಅವ್ವನಿಗೆ ಮರಾಠಿ ಮಾತು ಬರುತ್ತದೆ ಅಂತ ಗೊತ್ತಿತ್ತು. ಅವಳೂ ಓದುವವಳು ಅನ್ನೋದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮುತ್ಯಾನ ಮರಾಠಿ ಪುಸ್ತಕಗಳನ್ನು "ಯಾರೂ ಓದಲ್ಲ" ಅಂತ ನಾನೂ ಅಣ್ಣನೂ ಎಷ್ಟು ಸಲ ಅಂದಿದ್ದೇವೋ, ಅಷ್ಟೂ ಸಲ ಅವಳು ಅಲ್ಲೇ ಚಹಾ ಸೋಸುತ್ತಿದ್ದಳು.

"ಮನ್ಯಾಗಿನ ಬುಕ್ಕ ಯಾಕ ಓದಿಲ್ಲ ಮತ್ತ?" ಕೇಳಿದೆ.

"ಮಾಸ್ತರ ಕಪಾಟಕ್ಕ ಸೊಸಿ ಕೈ ಹ್ಯಾಂಗ ಹಚ್ಚಬೇಕು ತಮ್ಮಾ? ಆಮ್ಯಾಗ ನೀವು ಹುಟ್ಟಿದ್ರಿ. ಆಮ್ಯಾಗ ಮರತೇಬಿಟ್ಟೆ."

ಆ ರಾತ್ರಿ ಅವ್ವ ಲಕ್ಷ್ಮೀಬಾಯಿ ಟಿಳಕರ 'ಸ್ಮೃತಿಚಿತ್ರೆ' ಹಿಡಿದಳು. ಹನ್ನೊಂದಕ್ಕೆ ನಾನು ಮಲಗಿದೆ. ಎರಡಕ್ಕೆ ಎಚ್ಚರವಾದಾಗಲೂ ಅವಳ ಮಂಚದ ಕಡೆ ದೀಪ ಇತ್ತು.

ಎರಡನೆಯ ದಿನ ಮನೆಯೊಡತಿ ಕಷ್ಟವನ್ನೂ ಹೇಳಿಕೊಂಡರು. ಬರುವವರಲ್ಲಿ ಬಹಳ ಜನ ಗೋಡೆಯ ಚಿತ್ರದ ಮುಂದೆ ಸೆಲ್ಫಿ ತೆಗೆದುಕೊಂಡು, ಸ್ಟ್ರಾಬೆರಿ ಕೊಂಡು ಹೊರಟುಬಿಡುತ್ತಾರೆ. ಮಳೆಗಾಲದಲ್ಲಿ ಮಂಜು ಮನೆಯೊಳಗೇ ಬರುತ್ತದೆ, ಪುಸ್ತಕ ಒದ್ದೆಯಾಗದಂತೆ ನೋಡಬೇಕು. "ಮನ್ಯಾಗ ಮದುವಿ ಇರಲಿ, ಯಾರಿಗರ ಜ್ವರ ಇರಲಿ, ಬೆಳಿಗ್ಗೆ ಬಾಗಿಲಾ ತೆಗೀಲೇಬೇಕು. ಕ್ವಾಣಿ ನಮ್ಮದ, ಖರೇ ಅಂದ್ರ ನಮ್ಮದಲ್ಲ." ಅವರು ಹೇಳಿದ್ದು ಮರಾಠಿಯಲ್ಲಿ, ನಾನು ನಮ್ಮೂರ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಅವ್ವ ಎರಡು ಸಲ ತಲೆಯಾಡಿಸಿದಳು. ಗೆದ್ದಲಿಗೆ ಏನು ಮಾಡ್ತೀರಿ, ಬೇವಿನ ಎಲೆ ಇಡ್ತೀರಾ ಅಂತ ವಿಚಾರಿಸಿದಳು. ಆ ಪ್ರಶ್ನೆ ಬಂದಾಗಲೇ ನನಗೆ ಮನೆ ಮಾರಾಟದ ಮಾತು ಎತ್ತಲು ಧೈರ್ಯ ಸಾಲಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ಕನ್ನಡದಲ್ಲಿ ಇಂಥ ಜಾಗ ಎಲ್ಲಿದೆ? ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರ 'ಪುಸ್ತಕ ಮನೆ' ಇದೆ. ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಮನುಷ್ಯ ಸಂಬಳ ಸುರಿದು ಲಕ್ಷಗಟ್ಟಲೆ ಪುಸ್ತಕ ಸೇರಿಸಿ, ಹೆಂಡತಿಯ ಜೊತೆ ಅದರೊಳಗೇ ಬಾಳಿದವರು. ಹೆಗ್ಗೋಡಿನ ನೀನಾಸಂ ಶಿಬಿರಕ್ಕೆ ಹೋದರೆ ಊಟ, ವಸತಿ, ನಾಟಕ, ಪುಸ್ತಕ ಎಲ್ಲ ಒಟ್ಟಿಗೆ ಸಿಗುತ್ತವೆ.

ನಮ್ಮ ಜಿಲ್ಲೆಯಲ್ಲೇ ಹುಡುಕಿದರೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ. ನಮ್ಮ ಆಳಂದದ ಕಡೆಯಿಂದ ಹರಿದುಹೋಗುವ ಅಮರ್ಜಾ ಅಲ್ಲಿ ಭೀಮೆಗೆ ಸೇರುತ್ತದೆ. ದತ್ತ ಭಕ್ತರು ಕೋಣೆ ಹಿಡಿದು ಏಳು ದಿನ ಉಳಿದು ಮರಾಠಿಯ 'ಗುರುಚರಿತ್ರ' ಪಾರಾಯಣ ಮಾಡುತ್ತಾರೆ. ಒಂದೇ ಪುಸ್ತಕ, ಒಂದು ವಾರ, ಬೇರೆ ಕೆಲಸವಿಲ್ಲ. ಭಕ್ತಿ ಬದಿಗಿಟ್ಟು ನೋಡಿದರೂ ಇದಕ್ಕಿಂತ ದೊಡ್ಡ ಓದುವ ರಜೆ ಯಾವುದು?

ಇನ್ನೂ ಹಿಂದೆ ಹೋದರೆ ಚಿತ್ತಾಪುರದ ಹತ್ತಿರದ ನಾಗಾವಿ. ಈಗ ಎಲ್ಲಮ್ಮನ ಗುಡಿಗೆ ಅಂತ ಜನ ಹೋಗುತ್ತಾರೆ, ಅರವತ್ತು ಕಂಬದ ಗುಡಿ ನೋಡಿ ಬರುತ್ತಾರೆ. 1058ರ ಶಾಸನದ ಪ್ರಕಾರ ಅಲ್ಲೊಂದು ಘಟಿಕಾಸ್ಥಾನವಿತ್ತು. ವೇದ ಓದುವ ವಿದ್ಯಾರ್ಥಿಗಳೇ 200. ಊಟ, ವಸತಿ ಅಲ್ಲೇ. ಅದರ ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಜನ. ಅವರನ್ನು ಶಾಸನ ಸರಸ್ವತೀ ಭಂಡಾರಿಗರು ಅನ್ನುತ್ತದೆ, ಅವರ ಜೀವನಕ್ಕೆ ಭೂಮಿಯನ್ನೂ ಬಿಟ್ಟುಕೊಟ್ಟಿದೆ. ಓಲೆಗರಿಯ ಕಾಲದಲ್ಲಿ ಆರು ಜನ ಲೈಬ್ರರಿಯನ್ನರು! ಮಲೆನಾಡಿನ ಆ ರೆಸಾರ್ಟಿಗೆ ಒಬ್ಬ ಕೀಲಿ ಹಿಡಿಯುವವನೂ ಇರಲಿಲ್ಲ. ಅವ್ವನಿಗೆ ಇದನ್ನು ಹೇಳಿದೆ. "ಮತ್ತ? ಬಾಗಿಲಾ ತೆಗೆಯೋರಿಗಿ ಹೊಟ್ಟಿಗಿ ಬೇಕಲ್ಲ" ಅಂದಳು.

ಭಿಲಾರಕ್ಕೆ ಹೋಗುವವರಿಗೆ ಎರಡು ಮಾತು. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಶನಿವಾರ ಭಾನುವಾರ ಬೇಡ, ಪಂಚಗಣಿಯ ಟ್ರಾಫಿಕ್ಕಿನಲ್ಲೇ ದಿನ ಹೋಗುತ್ತದೆ. ಮರಾಠಿ ಬಾರದಿದ್ದರೆ ನಿಮ್ಮ ಪುಸ್ತಕ ನೀವೇ ಒಯ್ಯಿರಿ. ಓದುತ್ತ ಕೂತವರನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ, ಅದೇ ದೊಡ್ಡ ಸೌಲಭ್ಯ.

ಯುಗಾದಿಗೆ ಊರಿಗೆ ಹೋದೆ. ಪಡಸಾಲೆಯಲ್ಲಿ ಚಾಪೆ ಹಾಸಿ ಅವ್ವ ಪುಸ್ತಕಗಳನ್ನು ಮೂರು ಗುಡ್ಡೆ ಮಾಡಿದ್ದಳು. ಕನ್ನಡ, ಮರಾಠಿ, ಉರ್ದು. ಗೆದ್ದಲು ಹತ್ತಿದವು ಬೇರೆ, ಅಂಗಳದಲ್ಲಿ ಬಿಸಿಲಿಗೆ. ಅಪ್ಪನ ಮಂಚಕ್ಕೆ ಹೊಸ ನವಾರು ಕಟ್ಟಿಸಿ ಕಿಟಕಿಯ ಕೆಳಗೆ ಹಾಕಿಸಿದ್ದಳು. ಇದು ಹೋಂಸ್ಟೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಮ್ಮೂರಿಗೆ ಯಾರು ಬರುತ್ತಾರೆ? ಮಾಳಿಗೆ ಸೋರುತ್ತದೆ, ಅದರ ರಿಪೇರಿಗೇ ನನ್ನ ಮೂರು ತಿಂಗಳ ಸಂಬಳ ಬೇಕು. ಅಣ್ಣನಿಗೆ ಇನ್ನೂ ಸಿಟ್ಟಿದೆ. ಮನೆ ಕೇಳಿದವರು ದೀಪಾವಳಿವರೆಗೆ ಕಾಯುತ್ತೇವೆ ಅಂದಿದ್ದಾರೆ.

ಉರ್ದು ಗುಡ್ಡೆಯಲ್ಲಿ ಏನೇನಿದೆ ಅಂತ ನಮಗೆ ಓದಲು ಬಾರದು. ಪಕ್ಕದ ಓಣಿಯ ರಿಟೈರ್ಡ್ ಮಾಸ್ತರರನ್ನು ಅವ್ವ ಹೆಸರು ಓದಿ ಹೇಳಲು ಕರೆಸಿದ್ದಳು. ನಾಲ್ಕು ಪುಸ್ತಕದ ಹೆಸರು ಹೇಳಿದರು, ಐದನೆಯದನ್ನು ತೆರೆದರು, ಕಿಟಕಿಯ ಕೆಳಗಿನ ಮಂಚದ ಮೇಲೆ ಕೂತರು. ಚಹಾ ಆರಿತು. ಒಂದು ತಾಸಾದರೂ ಅವರು ತಲೆ ಎತ್ತಲಿಲ್ಲ. ಅವ್ವ ಕಂಬಕ್ಕೆ ಒರಗಿ ತನ್ನ ಮರಾಠಿ ಪುಸ್ತಕ ತೆರೆದಳು.

ಅಷ್ಟರಲ್ಲಿ ಅಣ್ಣನ ಫೋನು. ಅವ್ವ ಎತ್ತಿ, ದನಿ ತಗ್ಗಿಸಿ ಅಂದಳು: "ಆಮ್ಯಾಗ ಮಾಡು ತಮ್ಮಾ, ಮನ್ಯಾಗ ಮಂದಿ ಓದಲತ್ತಾರ."