ಜೂನಿ ಜನರ ಒಂದು ಒಡವೆ

ಶಾಲೆಯ ವಾರ್ಷಿಕ ವರದಿಯು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿರುವುದರಿಂದ, ಇಲ್ಲಿ ಒಂದು ಒಡವೆಯ ವಿಷಯವಾಗಿ ನಾಲ್ಕು ಮಾತು ಬರೆದರೆ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಆಕ್ಷೇಪಿಸಲಾರರೆಂದು ನಂಬುತ್ತೇವೆ. ಅಮೇರಿಕಾ ದೇಶದಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಾಕೆಗೆ, ನೆರೆಮನೆಯ ವೃದ್ಧ ಸ್ತ್ರೀಯೊಬ್ಬರು ತಮ್ಮ ಅಂತ್ಯಕಾಲದಲ್ಲಿ ಒಂದು ಬ್ರೂಚನ್ನು ಬಿಟ್ಟುಹೋದರು. ಆಕೆಯು ರಜೆಯಲ್ಲಿ ಊರಿಗೆ ಬಂದಾಗ ಅದನ್ನು ತಂದು, ಮಾರಿ ಬಂದ ಹಣವನ್ನು ಬಡ ಹುಡುಗಿಯೊಬ್ಬಳ ವಿದ್ಯಾಭ್ಯಾಸಕ್ಕೆ ವೆಚ್ಚ ಮಾಡಬೇಕೆಂದು ನಮ್ಮ ಕೈಯಲ್ಲಿ ಇಟ್ಟಳು. ಹೀಗೆ ಅದು ಕೆಲವು ವಾರ ನಮ್ಮ ಮೇಜಿನ ಮೇಲಿತ್ತು.

ಅದರ ಅಗಲವು ಎರಡು ಅಂಗುಲಕ್ಕೆ ಮಿಕ್ಕಿರಲಿಲ್ಲ. ಬೆಳ್ಳಿಯ ತಳದ ಮೇಲೆ ರೆಕ್ಕೆ ಚಾಚಿ ನಿಂತ ಒಂದು ಆಕೃತಿ. ಜೂನಿ ಜನರ ಪುರಾಣದಲ್ಲಿ ಬರುವ, ಗರಿಗಳ ಬದಲಾಗಿ ಚೂರಿಗಳುಳ್ಳ ಪಕ್ಷಿರೂಪಿ. ನಮ್ಮ ರತ್ನಪಡಿ ವ್ಯಾಪಾರಿಗಳು ಫಿರೋಜಾ ಎಂದು ಕರೆಯುವ ನೀಲಿಹಸುರು ಕಲ್ಲು, ಜೆಟ್ ಎಂಬ ಕಪ್ಪು ಕಲ್ಲು, ಕೆಂಪು ಚಿಪ್ಪು, ಬಿಳಿಯ ಮುತ್ತಿನ ಚಿಪ್ಪು, ಈ ನಾಲ್ಕರಿಂದಲೇ ಅದರ ಬಣ್ಣವೆಲ್ಲ. ಹತ್ತನೆಯ ತರಗತಿಯ ಹುಡುಗಿಯರು ಭೂತಗನ್ನಡಿ ಹಿಡಿದು ಎಣಿಸಿ 58 ತುಣುಕುಗಳಿವೆ ಎಂದರು. ಎರಡು ತುಣುಕುಗಳ ನಡುವೆ ಕೂದಲೆಳೆ ತೂರುವಷ್ಟು ಸಂದೂ ಇರಲಿಲ್ಲ.

ಜೂನಿ ಎಂಬುದು ನ್ಯೂ ಮೆಕ್ಸಿಕೋ ಸಂಸ್ಥಾನದ ಪಶ್ಚಿಮದಲ್ಲಿ, ಗ್ಯಾಲಪ್ ಪಟ್ಟಣಕ್ಕೆ ದಕ್ಷಿಣದಲ್ಲಿರುವ ಊರು. ಅಲ್ಲಿಯ ಮೂಲನಿವಾಸಿಗಳು ತಮ್ಮನ್ನು ಆಶಿವಿ ಎಂದು ಕರೆದುಕೊಳ್ಳುವರು. ಅವರ ಭಾಷೆಗೆ ಬೇರೆ ಯಾವ ಭಾಷೆಯೂ ನಂಟಲ್ಲವೆಂದು ಪಂಡಿತರು ಹೇಳುವರು. ಕುಲವು ತಾಯಿಯ ಕಡೆಯಿಂದ ಬರುವುದು. ಮನೆಯು ಹೆಂಗಸಿನ ಸೊತ್ತು. 1540ರಲ್ಲಿ ಸ್ಪೇನ್ ದೇಶದ ಕೊರೊನಾಡೊ ದಂಡಿನೊಡನೆ ಬಂದು ಹಿಡಿದ ಹಾವಿಕು ಎಂಬ ಊರು ಅವರದೇ. ಆ ಪಾಳು ಊರನ್ನು 1917ರಿಂದ 1923ರ ವರೆಗೆ ಅಗೆದಾಗ, ಫಿರೋಜಾ ತುಣುಕುಗಳನ್ನು ಒತ್ತಾಗಿ ಜೋಡಿಸಿದ ಹಣಿಗೆಗಳು ಸಿಕ್ಕವು. ಬೆಳ್ಳಿಯ ಕೆಲಸವನ್ನಾದರೋ ಅವರು 1872ರ ಸುಮಾರಿಗೆ ನೆರೆಯ ನಾವಾಹೊ ಜನರಿಂದ ಕಲಿತರು. ಎಂದರೆ ಕಲ್ಲನ್ನು ಕೂಡಿಸುವ ವಿದ್ಯೆ ಹಳೆಯದು, ಅದಕ್ಕೆ ಬೆಳ್ಳಿಯ ತಳ ಹೊಸದು.

ಕೆಲಸದ ಕ್ರಮವನ್ನು ತಿಳಿದ ಮೇಲೆ ನಮಗೆ ಆ 58ರ ಬೆಲೆ ಅರ್ಥವಾಯಿತು. ಕಲ್ಲನ್ನೂ ಚಿಪ್ಪನ್ನೂ ಬಿಲ್ಲೆಗಳಾಗಿ ಸೀಳಿ, ಒಂದೊಂದು ಚೂರನ್ನೂ ಸಣ್ಣ ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸಿ, ತಿರುಗುವ ಸಾಣೆಗೆ ಹಿಡಿದು ತೇಯುವರು. ತೆಗೆದು ಪಕ್ಕದ ಚೂರಿಗೆ ಹೊಂದಿಸಿ ನೋಡುವರು. ಹೊಂದದಿದ್ದರೆ ಮತ್ತೆ ತೇಯುವರು. ಹೆಚ್ಚು ತೇದರೆ ಆ ಚೂರು ಹೋಯಿತು, ಹೊಸದನ್ನು ಮೊದಲಿಂದ ಮಾಡತಕ್ಕದ್ದು. ತುಣುಕುಗಳ ನಡುವೆ ತೆಳ್ಳನೆಯ ಬೆಳ್ಳಿಯ ಗೋಡೆ ನಿಲ್ಲಿಸುವ ಪದ್ಧತಿಯೂ ಉಂಟು; ನಮ್ಮ ಬ್ರೂಚಿನಲ್ಲಿ ಗೋಡೆ ಇರಲಿಲ್ಲ, ಕಲ್ಲಿಗೆ ಕಲ್ಲೇ ಎಲ್ಲೆ. ಅದರ ಮೇಲೆ, ಫಿರೋಜಾ ಗಟ್ಟಿ, ಜೆಟ್ಟೂ ಚಿಪ್ಪೂ ಮೃದು. ಎಲ್ಲವನ್ನೂ ಒಟ್ಟಿಗೆ ನಯ ಮಾಡುವಾಗ ಮೃದುವಾದದ್ದು ಬೇಗ ಸವೆದು ತಗ್ಗು ಬೀಳುವುದು. ಮೇಲ್ಮೈಯನ್ನು ಸಮವಾಗಿ ಉಳಿಸುವುದು ಕೈಯ ಅಳತೆಯಿಂದಲ್ಲದೆ ಮತ್ತಾವುದರಿಂದಲೂ ಆಗದು. ಚಿಪ್ಪಿನ ಧೂಳು ಶ್ವಾಸಕೋಶಕ್ಕೆ ಕೇಡು ಎಂಬುದನ್ನೂ ಕೊಳ್ಳುವವರು ನೆನೆಯುವುದು ಅಪರೂಪ.

“ಇದನ್ನು ಯಾರು ಮಾಡಿದರು, ಅಮ್ಮಾ?” ಎಂದು ಹುಡುಗಿಯೊಬ್ಬಳು ಕೇಳಿದಳು. ಹಿಂಬದಿಯನ್ನು ತಿರುಗಿಸಿ ತೋರಿಸಿದೆವು, ಬರಿಯ ಬೆಳ್ಳಿ. ಹಿಂದಿನ ಜೂನಿ ಕೆಲಸಗಾರರು ಬಹುಮಟ್ಟಿಗೆ ಹೆಸರನ್ನಾಗಲಿ ಗುರುತನ್ನಾಗಲಿ ಹಾಕುತ್ತಿರಲಿಲ್ಲ; ಆ ವಾಡಿಕೆ ಹಬ್ಬಿದ್ದು 1970ರ ನಂತರದ ದಶಕದಲ್ಲಿ. ಒಡವೆಗಳು ಅಂಗಡಿಕಾರರ ಮುಖಾಂತರ ಹೊರಗೆ ಹೋಗುತ್ತಿದ್ದವು. ಅವರಲ್ಲಿ ಪ್ರಸಿದ್ಧನಾದ ಸಿ. ಜಿ. ವಾಲೇಸನ ಸಂಗ್ರಹವು 1975ರಲ್ಲಿ ಹರಾಜಾದಾಗ ಅದಕ್ಕೆ ದೊಡ್ಡ ಹೆಸರಾಯಿತು. ಗಂಡಹೆಂಡಿರು ಒಂದೇ ಮೇಜಿಗೆ ಕುಳಿತು ಮಾಡುವುದು ಆ ಊರಿನ ರೂಢಿ. ಡೆಲ್ಲಾ ಕೇಸಿ ಎಂಬಾಕೆಯು ಅಲ್ಲಿ ಬೆಳ್ಳಿಯ ಕೆಲಸಕ್ಕೆ ಕೈಹಾಕಿದ ಮೊದಲ ಸ್ತ್ರೀಯರಲ್ಲಿ ಒಬ್ಬಳು. ಈಗ ಅನೇಕ ಒಡವೆಗಳ ಹಿಂದೆ ದಂಪತಿಗಳಿಬ್ಬರ ಹೆಸರೂ ಇರುತ್ತದೆ. ನಮಗೆ ಇದು ಬಹಳ ಮೆಚ್ಚಿಕೆಯಾಯಿತು.

ಮಾರಾಟದ ಮಾತು. ಅಲ್ಲಿಯ ವ್ಯಾಪಾರಿಯೊಬ್ಬನು ಬ್ರೂಚಿನ ಚಿತ್ರ ನೋಡಿ, ಇದನ್ನು ಇಂಥಾ ಪ್ರಖ್ಯಾತ ಕೆಲಸಗಾರನದೆಂದು ಹೇಳಿ ಮಾರಿದರೆ ಎರಡರಷ್ಟು ಬೆಲೆ ಬರುವುದೆಂದು ನಮ್ಮ ವಿದ್ಯಾರ್ಥಿನಿಗೆ ಬರೆದನು. ಆಧಾರವೇನೆಂದು ಕೇಳಿದರೆ, ಕೆಲಸ ಅಷ್ಟು ಚೆನ್ನಾಗಿದೆ ಎಂಬುದೇ ಆಧಾರ! ಬಣ್ಣ ಹಾಕಿದ ಕಲ್ಲನ್ನೂ ಪ್ಲಾಸ್ಟಿಕ್ಕನ್ನೂ ಕೂಡಿಸಿ ಹೊರದೇಶದಲ್ಲಿ ಮಾಡಿದ ಒಡವೆಗಳು ಜೂನಿಯ ಹೆಸರಿನಲ್ಲಿ ಮಾರಾಟವಾಗಿ ನಿಜವಾದ ಕೆಲಸಗಾರರ ಹೊಟ್ಟೆಗೆ ಹೊಡೆದಿವೆ. ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರುವುದು 1990ರ ಕಾನೂನಿನ ಪ್ರಕಾರ ಸೆರೆಮನೆಗೆ ಹೋಗತಕ್ಕ ಅಪರಾಧ. ನಮ್ಮ ಒಡವೆ ಅಂಥದಲ್ಲ. ಆದಾಗ್ಯೂ ಹೆಸರಿಲ್ಲದೆ ದುಡಿದವರ ಮೇಲೆ ಇನ್ನೊಬ್ಬನ ಹೆಸರನ್ನು ಹೊದಿಸುವುದು ನಮ್ಮ ಮನಸ್ಸಿಗೆ ಒಪ್ಪಲಿಲ್ಲ. ಆ ಹಣದಿಂದ ಹುಡುಗಿಗೆ ಎರಡು ವರ್ಷ ಹೆಚ್ಚಾಗಿ ನಡೆಯುತ್ತಿತ್ತೆಂಬುದನ್ನು ಲೆಕ್ಕ ಹಾಕಿಯೇ ಬೇಡವೆಂದು ಬರೆದೆವು.

ಹಳೆಯದು, ಬೆಳ್ಳಿಯದು, ಜೂನಿ ರೀತಿಯದು, ಮಾಡಿದವರ ಹೆಸರು ತಿಳಿಯದು ಎಂಬ ಚೀಟಿಯೊಡನೆ ಅದು ಅಲ್ಲಿಯೇ ಮಾರಾಟವಾಯಿತು. ಬಂದ ಹಣವು ಎಂಟನೆಯ ತರಗತಿಯ ಒಬ್ಬ ಹುಡುಗಿಗೆ ಎರಡು ವರ್ಷಕ್ಕೆ ಸಾಕು. ಮುಂದಿನ ಎರಡು ವರ್ಷದ ಶುಲ್ಕಕ್ಕಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.